ಬೆಳಕನ್ನು ಮೀರಿದಂತೆ ಕಾಣುವ ಓಟ

ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು. ಹೈಸ್ಕೂಲು ದಾಟಿದ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ; ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಎಂಬ ಅಂಕಿಯನ್ನೂ ಸೇರಿಸುತ್ತಾರೆ. ಭೌತವಿಜ್ಞಾನದಲ್ಲಿ ಇಷ್ಟು ಕಟ್ಟುನಿಟ್ಟಾದ, ಇಷ್ಟು ಸಲ ಒರೆಗೆ ಹಚ್ಚಿಸಿಕೊಂಡು ಗೆದ್ದು ಬಂದ ಕಟ್ಟಳೆ ಇನ್ನೊಂದು ಸಿಗುವುದು ಕಷ್ಟ.

ಈಗ ಈ ಲೆಕ್ಕ ನೋಡಿ. ಕನ್ಯಾ ರಾಶಿಯ ದಿಕ್ಕಿನಲ್ಲಿ 3ಸಿ 273 ಎಂಬ ಕ್ವೇಸಾರ್ ಇದೆ. 1977ರ ನಡುವಿನಿಂದ 1980ರ ನಡುವಿನವರೆಗೆ ಟಿಮ್ ಪಿಯರ್ಸನ್ ಮತ್ತು ಸಂಗಡಿಗರು ಅದರ ಒಡಲಿನ ರೇಡಿಯೊ ನಕ್ಷೆಗಳನ್ನು ಮತ್ತೆ ಮತ್ತೆ ತೆಗೆದು, 1981ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಕ್ಷೆಯ ಒಂದು ತುದಿಯಲ್ಲಿ ಪ್ರಖರವಾದ ತಿರುಳು. ಅದರ ಪಕ್ಕದಲ್ಲಿ ಒಂದು ಉಂಡೆ. ತಿರುಳಿಗೂ ಉಂಡೆಗೂ ನಡುವಿನ ಅಂತರ ನಕ್ಷೆಯಿಂದ ನಕ್ಷೆಗೆ ಹೆಚ್ಚುತ್ತಾ ಹೋಗಿತ್ತು. ಮೂರು ವರ್ಷಗಳಲ್ಲಿ ಉಂಡೆ ಸರಿದ ದೂರ ಸುಮಾರು 25 ಜ್ಯೋತಿರ್ವರ್ಷ. ಅಷ್ಟು ದೂರ ಹೋಗಲು ಬೆಳಕಿಗೇ 25 ವರ್ಷ ಬೇಕು. ಈ ಉಂಡೆ ಅದನ್ನು ಮೂರೇ ವರ್ಷಗಳಲ್ಲಿ ಮುಗಿಸಿದಂತಿತ್ತು. ಅಂದರೆ ಬೆಳಕಿನ ಎಂಟು ಪಟ್ಟಿಗೂ ಮಿಗಿಲಾದ ವೇಗ.

ಐನ್‌ಸ್ಟೈನ್ ಸೋತರೇ? ಅಳತೆ ಕೆಟ್ಟಿತೇ? ಸಾಪೇಕ್ಷತಾ ಸಿದ್ಧಾಂತವೂ ಸರಿಯಿದೆ, ನಕ್ಷೆಯೂ ಸರಿಯಿದೆ. ಎಡವಟ್ಟಾಗಿರುವುದು ಭಾಗಾಕಾರದಲ್ಲಿ. 25ನ್ನು 3ರಿಂದ ಭಾಗಿಸಿದೆವಲ್ಲ, ಆ ಮೂರು ವರ್ಷ ಯಾರ ಮೂರು ವರ್ಷ ಎಂದು ನಾವು ಕೇಳಲಿಲ್ಲ. ಈ ಅಧ್ಯಾಯವೆಲ್ಲ ಆ ಒಂದು ಪ್ರಶ್ನೆಯ ಬೆನ್ನು ಹಿಡಿದೇ ಸಾಗುತ್ತದೆ.

ನಕ್ಷತ್ರದ ವೇಷ

ಕೇಂಬ್ರಿಜ್‌ನವರು ಸಿದ್ಧಪಡಿಸಿದ ರೇಡಿಯೊ ಆಕರಗಳ ಮೂರನೆಯ ಪಟ್ಟಿಯಲ್ಲಿ 273ನೆಯ ನಮೂದು, ಆದ್ದರಿಂದ 3ಸಿ 273. ಆಕಾಶದಲ್ಲಿ ಅದು ಇರುವ ಜಾಗವನ್ನು ಕರಾರುವಾಕ್ಕಾಗಿ ಗುರುತಿಸಲು ನೆರವಾದವನು ಚಂದ್ರ. 1962ರಲ್ಲಿ ಚಂದ್ರ ಅದರ ಮುಂದೆ ಹಾದು ಹೋಗುವಾಗ ರೇಡಿಯೊ ಸದ್ದು ಯಾವ ಗಳಿಗೆಗೆ ಅಡಗಿತು, ಯಾವ ಗಳಿಗೆಗೆ ಮರಳಿತು ಎಂಬುದನ್ನು ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಗುರುತಿಸಿದರು. ಆ ಜಾಗದಲ್ಲಿ ಕಂಡದ್ದು ಸಾಮಾನ್ಯ ನಕ್ಷತ್ರದಂಥ ಒಂದು ನೀಲಿ ಚುಕ್ಕೆ, ಅದರ ಪಕ್ಕದಲ್ಲೊಂದು ತೆಳ್ಳನೆಯ ಗೀಟು.

1963ರ ಫೆಬ್ರವರಿಯಲ್ಲಿ ಮಾರ್ಟನ್ ಷ್ಮಿಟ್ ಅದರ ರೋಹಿತವನ್ನು ಬಿಡಿಸಿದರು. ಪಾಲೋಮಾರ್‌ನ 200 ಅಂಗುಲದ ದೂರದರ್ಶಕದಿಂದ ತೆಗೆದ ಆ ರೋಹಿತದಲ್ಲಿ ಜಲಜನಕದ ಪರಿಚಿತ ಗೆರೆಗಳೇ ಇದ್ದವು, ಆದರೆ ಇರಬೇಕಾದ ಜಾಗದಿಂದ ಸುಮಾರು ಶೇಕಡಾ 16ರಷ್ಟು ಕೆಂಪಿನತ್ತ ಜಾರಿದ್ದವು. ವಿಶ್ವ ಹಿಗ್ಗುತ್ತಿರುವುದರಿಂದ ಆಗುವ ಜಾರಿಕೆ ಇದು ಎಂದು ಒಪ್ಪಿದರೆ ‘ನಕ್ಷತ್ರ’ ಇದ್ದದ್ದು 200 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ. ಅಷ್ಟು ದೂರದಿಂದಲೂ ಸಣ್ಣ ದೂರದರ್ಶಕಕ್ಕೆ ಕಾಣುತ್ತದೆ ಎಂದರೆ ನಮ್ಮ ಇಡೀ ಆಕಾಶಗಂಗೆಯ ನೂರು ಪಟ್ಟು ಬೆಳಕನ್ನು ಅದು ಸೂಸುತ್ತಿರಬೇಕು.

ಈ ಬೆಳಕಿನ ಮೂಲ ಒಂದು ದೈತ್ಯ ಕಪ್ಪುಕುಳಿ. ಗೆಲಾಕ್ಸಿಯ ನಟ್ಟನಡುವೆ ಕೂತು ಸುತ್ತಲಿನ ಅನಿಲವನ್ನು ಎಳೆದುಕೊಳ್ಳುತ್ತದೆ. ಬೀಳುವ ಅನಿಲ ನೇರವಾಗಿ ಬೀಳದೆ ಸುತ್ತು ಹಾಕುತ್ತಾ ತಟ್ಟೆಯಾಗಿ ಹರಡುತ್ತದೆ, ಕಾಯುತ್ತದೆ, ಹೊಳೆಯುತ್ತದೆ. ಹೀಗೆ ಅತಿ ಪ್ರಖರವಾಗಿ ಹೊಳೆಯುವ ಗೆಲಾಕ್ಸಿಯ ತಿರುಳೇ ಕ್ವೇಸಾರ್. ಒಂದಷ್ಟು ಕ್ವೇಸಾರ್‌ಗಳಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತದೆ: ತಟ್ಟೆಗೆ ಲಂಬವಾಗಿ, ಎರಡೂ ಕಡೆಗೆ, ವಿದ್ಯುದಾವೇಶವುಳ್ಳ ಕಣಗಳು ಇಕ್ಕಟ್ಟಾದ ಧಾರೆಯಾಗಿ ಹೊರಚಿಮ್ಮುತ್ತವೆ. ಇಂಗ್ಲಿಷಿನಲ್ಲಿ ಇವನ್ನು ಜೆಟ್ ಎನ್ನುತ್ತಾರೆ. ಇಲ್ಲಿ ಚಿಮ್ಮುಧಾರೆ ಎಂದು ಕರೆಯೋಣ. ಸುತ್ತುವ ಕಪ್ಪುಕುಳಿ ಕಾಂತಕ್ಷೇತ್ರದ ಎಳೆಗಳನ್ನು ಹೊಸೆದು, ತನ್ನ ತಿರುಗುವಿಕೆಯ ಶಕ್ತಿಯನ್ನೇ ಧಾರೆಗೆ ಕೊಡಬಲ್ಲದು ಎಂದು ರೋಜರ್ ಬ್ಲಾಂಡ್‌ಫರ್ಡ್ ಮತ್ತು ರೋಮನ್ ಜ್ನಾಯೆಕ್ 1977ರಲ್ಲಿ ತೋರಿಸಿದರು. ಷ್ಮಿಟ್ ಕಾಲದ ಚಿತ್ರಗಳಲ್ಲಿದ್ದ ತೆಳ್ಳನೆಯ ಗೀಟು ಇಂಥ ಧಾರೆಯೇ. ಹೊರಟ ಧಾರೆ ಎಷ್ಟು ವೇಗವಾಗಿ ಓಡುತ್ತದೆ ಎಂಬುದಷ್ಟೇ ಈಗಿನ ವಿಷಯ.

ಸೂರ್ಯನ ಬಳಿ ನೋಡುತ್ತಿದ್ದಾಗ

ಉಂಡೆಗಳ ಓಟ ಕಾಣಬೇಕಾದರೆ ಕಣ್ಣು ಅಸಾಧ್ಯವೆನಿಸುವಷ್ಟು ಚೂಪಾಗಿರಬೇಕು. 3ಸಿ 273ರ ಉಂಡೆ ಆಕಾಶದಲ್ಲಿ ವರ್ಷಕ್ಕೆ ಸರಿಯುವುದು ಒಂದು ಆರ್ಕ್‌ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತುಸು ಕಡಿಮೆ. ಚಂದ್ರನ ಮೇಲೆ ಮಲಗಿದ ಮನುಷ್ಯನೊಬ್ಬ ಇಲ್ಲಿಂದ ಎಷ್ಟು ಉದ್ದ ಕಾಣುತ್ತಾನೋ ಹೆಚ್ಚುಕಡಿಮೆ ಅಷ್ಟು. ಒಂದೇ ದೂರದರ್ಶಕದಿಂದ ಆಗುವ ಕೆಲಸವಲ್ಲ ಇದು. 1960ರ ದಶಕದ ಕೊನೆಗೆ ರೇಡಿಯೊ ಖಗೋಳಜ್ಞರು ಒಂದು ಉಪಾಯ ಕಂಡುಕೊಂಡರು. ಸಾವಿರಾರು ಕಿಲೋಮೀಟರ್ ಅಂತರದ ಎರಡು ಮೂರು ಆಂಟೆನಾಗಳು ಒಂದೇ ಆಕರವನ್ನು ಏಕಕಾಲಕ್ಕೆ ನೋಡುತ್ತವೆ. ಪ್ರತಿಯೊಂದೂ ಪರಮಾಣು ಗಡಿಯಾರದ ಸಮಯದೊಂದಿಗೆ ತನಗೆ ಬಂದ ಅಲೆಗಳನ್ನು ಆಗೆಲ್ಲ ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿಕೊಳ್ಳುತ್ತಿತ್ತು. ಆಮೇಲೆ ಟೇಪುಗಳನ್ನೆಲ್ಲ ಒಂದೆಡೆ ತಂದು ಕಂಪ್ಯೂಟರಿನಲ್ಲಿ ಹೊಂದಿಸುತ್ತಿದ್ದರು. ಹೀಗೆ ಹೊಂದಿಸಿದರೆ ಖಂಡದಷ್ಟು ಅಗಲದ ಒಂದೇ ಆಂಟೆನಾ ಇದ್ದಂಥ ಚೂಪು ಸಿಗುತ್ತದೆ. ವಿ.ಎಲ್.ಬಿ.ಐ. ಎಂಬುದು ಈ ವಿಧಾನದ ಚಾಲ್ತಿಯ ಹೆಸರು.

1970ರ ಅಕ್ಟೋಬರಿನಲ್ಲಿ ಅರ್ವಿನ್ ಶಪೀರೊ ಅವರ ತಂಡ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಮತ್ತು ಮ್ಯಾಸಚೂಸೆಟ್ಸ್‌ನ ಹೇಸ್ಟ್ಯಾಕ್ ಆಂಟೆನಾಗಳನ್ನು ಹೀಗೆ ಜೋಡಿಸಿತ್ತು. ಅವರು ನೋಡುತ್ತಿದ್ದದ್ದು 3ಸಿ 279 ಎಂಬ ಇನ್ನೊಂದು ಕ್ವೇಸಾರನ್ನು. ಪ್ರತಿ ಅಕ್ಟೋಬರಿನಲ್ಲಿ ಸೂರ್ಯ ಆಕಾಶದಲ್ಲಿ ಅದರ ಹತ್ತಿರದಿಂದ ಹಾದುಹೋಗುತ್ತಾನೆ. ಸೂರ್ಯನ ಗುರುತ್ವದಿಂದ ಅದರ ರೇಡಿಯೊ ಅಲೆ ಎಷ್ಟು ಬಾಗುತ್ತದೆ ಎಂದು ಅಳೆದು ಐನ್‌ಸ್ಟೈನ್ ಸಿದ್ಧಾಂತವನ್ನು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ನಾಲ್ಕು ತಿಂಗಳ ಬಳಿಕ, 1971ರ ಫೆಬ್ರವರಿಯಲ್ಲಿ ಮತ್ತೆ ನೋಡಿದಾಗ 3ಸಿ 279ರ ಒಳರಚನೆಯೇ ಬದಲಾಗಿತ್ತು. ಎರಡು ಬಿಂದುಗಳೆಂದು ಇಟ್ಟುಕೊಂಡರೆ ಅವು ಬೆಳಕಿನ ಹಲವು ಪಟ್ಟು ವೇಗದಲ್ಲಿ ಒಂದರಿಂದೊಂದು ದೂರ ಸರಿದಂತಿತ್ತು. ಇನ್ನೊಂದು ಅಮೆರಿಕನ್ ತಂಡಕ್ಕೂ ಅದೇ ವರ್ಷ ಇದೇ ಬಗೆಯ ಫಲಿತಾಂಶ ಸಿಕ್ಕಿತು. ಇಂಗ್ಲಿಷಿನಲ್ಲಿ ಇದಕ್ಕೆ ಸೂಪರ್‌ಲೂಮಿನಲ್ ಮೋಷನ್ ಎಂಬ ಹೆಸರು ನಿಂತಿತು. ನಾನು ತೋರಿಕೆಯ ಅತಿವೇಗ ಎನ್ನುತ್ತೇನೆ.

ಕೆಲವರು ನಂಬಲಿಲ್ಲ, ನಂಬದಿದ್ದದ್ದೇ ಒಳ್ಳೆಯದಾಯಿತು. ಉಂಡೆಗಳು ಓಡುತ್ತಲೇ ಇಲ್ಲ, ಸಾಲಾಗಿ ನಿಂತ ದೀಪಗಳಂತೆ ಒಂದಾದ ಮೇಲೊಂದು ಹೊತ್ತಿ ಆರುತ್ತಿವೆ ಎಂಬುದು ಒಂದು ವಾದ. ಕೆಂಪು ಜಾರಿಕೆಯನ್ನು ದೂರದ ಅಳತೆಗೋಲು ಮಾಡಿಕೊಂಡದ್ದೇ ತಪ್ಪು, ಕ್ವೇಸಾರ್‌ಗಳು ನಿಜಕ್ಕೂ ಬಹಳ ಹತ್ತಿರದಲ್ಲಿವೆ ಎಂಬುದು ಇನ್ನೊಂದು. ದೂರ ಕಡಿಮೆಯಾದರೆ ವೇಗವೂ ಅಷ್ಟೇ ಇಳಿಯುತ್ತದೆ. ಫ್ರೆಡ್ ಹಾಯ್ಲ್, ಜೆಫ್ರಿ ಬರ್ಬಿಜ್ ಮುಂತಾದವರು ಕ್ವೇಸಾರ್‌ಗಳು ಸಮೀಪದಲ್ಲಿರಬಹುದೆಂದು 1960ರ ದಶಕದಿಂದಲೇ ಹೇಳುತ್ತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶಶಿಕುಮಾರ್ ಚಿತ್ರೆ ಮತ್ತು ಜಯಂತ ನಾರ್ಲೀಕರ್ ಬೇರೊಂದು ದಾರಿ ಸೂಚಿಸಿದರು: ನಡುವೆ ಇರುವ ಗೆಲಾಕ್ಸಿಯೊಂದು ತನ್ನ ಗುರುತ್ವದಿಂದ ಮಸೂರದಂತೆ ವರ್ತಿಸಿ, ಸಾಧಾರಣ ಓಟವನ್ನೇ ಹಿಗ್ಗಿಸಿ ತೋರಿಸುತ್ತಿರಬಹುದು. ಇವೆಲ್ಲ ಹುರುಳಿಲ್ಲದ ತಕರಾರುಗಳಲ್ಲ. ಒಂದೊಂದನ್ನೂ ಅಳತೆಯಿಂದಲೇ ಉತ್ತರಿಸಬೇಕಾಯಿತು.

ಶ್ರೀಶೈಲದಿಂದ ಬಂದ ಕಾಗದಗಳು

ಸರಿಯಾದ ಉತ್ತರಕ್ಕೆ ಬರುವ ಮುಂಚೆ ಹಿಂದಿನ ಕಾಲದ ಒಂದು ಪಾದಯಾತ್ರೆಯನ್ನು ಕಲ್ಪಿಸಿಕೊಳ್ಳೋಣ. ಬಸ್ಸು, ರೈಲು, ಫೋನು ಯಾವುದೂ ಇಲ್ಲದ ಕಾಲ. ಊರಿನ ಯಜಮಾನರೊಬ್ಬರು ಶ್ರೀಶೈಲದಲ್ಲಿ ಮಲ್ಲಿಕಾರ್ಜುನನ ದರ್ಶನ ಮುಗಿಸಿ ನಡೆದು ಮನೆಗೆ ಮರಳುತ್ತಿದ್ದಾರೆ. ಊರು 180 ಮೈಲಿ ದೂರ. ದಿನಕ್ಕೆ 18 ಮೈಲಿ ನಡೆಯುತ್ತಾರೆ, ಹತ್ತು ದಿನದ ದಾರಿ. ಹೊರಡುವಾಗ ಒಂದು ಕಾಗದ ಬರೆದು ಅಂಚೆಯ ಹರಿಕಾರನ ಕೈಗೆ ಕೊಡುತ್ತಾರೆ. ಆಮೇಲೆ ತಂಗಿದ ಒಂದೊಂದು ಊರಿನಿಂದಲೂ ದಿನಕ್ಕೊಂದು ಕಾಗದ. ಹರಿಕಾರನ ನಡಿಗೆ ಅವರಿಗಿಂತ ತುಸುವೇ ಚುರುಕು, ದಿನಕ್ಕೆ 20 ಮೈಲಿ.

ಮೊದಲ ಕಾಗದ ಮನೆ ತಲುಪಲು ಒಂಬತ್ತು ದಿನ ಬೇಕು. ಯಜಮಾನರು ಖುದ್ದು ಮನೆ ತಲುಪುವುದು ಹತ್ತನೆಯ ದಿನ. ಹಾಗಾದರೆ ಅಷ್ಟೂ ಕಾಗದಗಳು ಯಾವಾಗ ಬಂದವು? ಒಂಬತ್ತನೆಯ ದಿನಕ್ಕೂ ಹತ್ತನೆಯ ದಿನಕ್ಕೂ ನಡುವಿನ ಒಂದೇ ದಿನದಲ್ಲಿ, ಸುಮಾರು ಎರಡೂವರೆ ಗಂಟೆಗೊಂದರಂತೆ, ಒಂದರ ಬೆನ್ನಿಗೊಂದು. ದಿನಕ್ಕೊಂದು ಬರೆದದ್ದು ಗಂಟೆಗಳ ಅಂತರದಲ್ಲಿ ಕೈಸೇರಿತು. ಕಾಗದ ಬಂದ ಹೊತ್ತನ್ನಷ್ಟೇ ನಂಬಿ ಮನೆಯವರು ಲೆಕ್ಕ ಹಾಕಿದರೆ, ನಿನ್ನೆ ಶ್ರೀಶೈಲದಲ್ಲಿದ್ದವರು ಇಂದು ಹೊಸ್ತಿಲಲ್ಲಿದ್ದಾರೆ. ದಿನಕ್ಕೆ 180 ಮೈಲಿ! ಹರಿಕಾರನ ವೇಗಕ್ಕಿಂತ ಒಂಬತ್ತು ಪಟ್ಟು. ಯಜಮಾನರು ಹರಿಕಾರನನ್ನು ಒಮ್ಮೆಯೂ ಹಿಂದೆ ಹಾಕಿಲ್ಲ. ಪ್ರತಿಯೊಂದು ಕಾಗದವೂ ಅವರಿಗಿಂತ ಮುಂಚೆಯೇ ಮನೆ ಸೇರಿದೆ. ಆದರೆ ಅವರು ತಾವು ಕಳಿಸಿದ ಸುದ್ದಿಯ ಬೆನ್ನಿಗೇ ನಡೆದು ಬಂದರು. ಅದರಿಂದ ಒಂದು ಸುದ್ದಿಗೂ ಮುಂದಿನ ಸುದ್ದಿಗೂ ನಡುವಿನ ಬಿಡುವು ಕುಗ್ಗಿಹೋಯಿತು.

ಕ್ವೇಸಾರಿನಲ್ಲಿ ನಡೆಯುವುದು ಇಷ್ಟೇ. ಹರಿಕಾರನ ಜಾಗದಲ್ಲಿ ಬೆಳಕು, ಯಜಮಾನರ ಜಾಗದಲ್ಲಿ ಉಂಡೆ. ವ್ಯತ್ಯಾಸ ಒಂದು. ಯಜಮಾನರು ನೇರ ಮನೆಯತ್ತ ನಡೆದರು. ಉಂಡೆ ನೇರ ನಮ್ಮತ್ತ ಬಂದರೆ ಅದು ಸರಿಯುವುದೇ ನಮಗೆ ಕಾಣದು, ಏಕೆಂದರೆ ಆಕಾಶದ ಮೇಲೆ ನಾವು ಅಳೆಯಬಲ್ಲದ್ದು ಪಕ್ಕಕ್ಕೆ ಸರಿದ ದೂರವನ್ನು ಮಾತ್ರ. ಆದ್ದರಿಂದ ಉಂಡೆ ಬಹುಪಾಲು ನಮ್ಮ ಕಡೆಗೇ, ತುಸು ಓರೆಯಾಗಿ ಬರುತ್ತಿರಬೇಕು.

3ಸಿ 273ರ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. ವಿಶ್ವದ ಹಿಗ್ಗುವಿಕೆಯಿಂದ ಬೀಳುವ ಸಣ್ಣ ತಿದ್ದುಪಡಿಯನ್ನು ಬದಿಗಿಡುತ್ತೇನೆ. ಧಾರೆ ನಮ್ಮ ನೋಟದ ಗೆರೆಗೆ ಸುಮಾರು ಹತ್ತು ಡಿಗ್ರಿ ಓರೆಯಾಗಿದೆ ಎಂದುಕೊಳ್ಳಿ. ತಿರುಳಿನಿಂದ ಹೊರಟ ಉಂಡೆ 144 ಜ್ಯೋತಿರ್ವರ್ಷ ಓಡುತ್ತದೆ. ಆ ಓಟದಲ್ಲಿ ಅದು ನಮ್ಮ ಕಡೆಗೆ 142 ಜ್ಯೋತಿರ್ವರ್ಷ ಹತ್ತಿರ ಬಂದಿರುತ್ತದೆ, ಪಕ್ಕಕ್ಕೆ 25 ಜ್ಯೋತಿರ್ವರ್ಷ ಸರಿದಿರುತ್ತದೆ. ಇದಕ್ಕೆ ಅದು ತೆಗೆದುಕೊಂಡ ಕಾಲ 145 ವರ್ಷ ಎನ್ನೋಣ. ಬೆಳಕಾಗಿದ್ದರೆ 144 ವರ್ಷ ಸಾಕಿತ್ತು. ಉಂಡೆ ಒಂದು ವರ್ಷ ಹಿಂದುಳಿಯಿತು. ಅಂದರೆ ಅದರ ನಿಜವಾದ ವೇಗ ಬೆಳಕಿನ ಶೇಕಡಾ 99ಕ್ಕೂ ಸ್ವಲ್ಪ ಹೆಚ್ಚು. ಮಿತಿಯೊಳಗೇ ಇದೆ.

ಈಗ ನಮ್ಮ ಕಡೆಯ ಗಡಿಯಾರ. ಹೊರಡುವ ಗಳಿಗೆಯಲ್ಲಿ ಉಂಡೆ ಬಿಟ್ಟ ಬೆಳಕು ಮುಂದೆ ಹೊರಟಿತು. 145 ವರ್ಷಗಳ ಬಳಿಕ ಅದು ಮತ್ತೊಂದು ಬೆಳಕನ್ನು ಕಳಿಸಿತು. ಆದರೆ ಈ ಎರಡನೆಯ ಬೆಳಕು ಹೊರಟದ್ದು 142 ಜ್ಯೋತಿರ್ವರ್ಷ ಹತ್ತಿರದಿಂದ, ಆದ್ದರಿಂದ ಅದರ ಪಯಣ 142 ವರ್ಷ ಕಡಿಮೆ. ಎರಡೂ ಬೆಳಕು ನಮ್ಮನ್ನು ತಲುಪುವ ಹೊತ್ತಿಗೆ ನಡುವೆ ಉಳಿದ ಅಂತರ 145ರಲ್ಲಿ 142 ಕಳೆದರೆ ಎಷ್ಟೋ ಅಷ್ಟು. ಮೂರು ವರ್ಷ.

ಯಾರ ಮೂರು ವರ್ಷ ಎಂದು ಆರಂಭದಲ್ಲಿ ಕೇಳಿದ್ದೆ. ಅದು ಬೆಳಕು ನಮ್ಮನ್ನು ತಲುಪಿದ ಮೂರು ವರ್ಷ. ಉಂಡೆ ಓಡಿದ್ದು 145 ವರ್ಷ. ಭಾಗಿಸಬೇಕಿದ್ದದ್ದು 145ರಿಂದ, ನಾವು ಭಾಗಿಸಿದ್ದು 3ರಿಂದ.

ಇದರಲ್ಲಿ ಸಾಪೇಕ್ಷತಾ ಸಿದ್ಧಾಂತದ ಯಾವ ಗಹನವಾದ ಗಣಿತವೂ ಬಂದಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಬೆಳಕು ಒಂದು ನಿಶ್ಚಿತ ವೇಗದಲ್ಲಿ ಚಲಿಸುತ್ತದೆ ಎಂಬುದು ಗೊತ್ತಿದ್ದರೆ ಸಾಕು, ಕೂಡುವ ಕಳೆಯುವ ಲೆಕ್ಕದಲ್ಲೇ ಒಗಟು ಬಿಡಿಸಿಕೊಳ್ಳುತ್ತದೆ.

ಗೊತ್ತಿದ್ದವರಿಗೆ ಗೊತ್ತಿತ್ತು

ಈ ತರ್ಕದ ಬೇರು 1676ರಷ್ಟು ಹಳೆಯದು. ಪ್ಯಾರಿಸ್ಸಿನಲ್ಲಿದ್ದ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಅಯೋ ಚಂದ್ರನ ಗ್ರಹಣಗಳನ್ನು ಗಮನಿಸುತ್ತಿದ್ದರು. ಭೂಮಿ ಗುರುವಿನ ಕಡೆಗೆ ಸಾಗುವ ತಿಂಗಳುಗಳಲ್ಲಿ ಗ್ರಹಣಗಳು ಲೆಕ್ಕಕ್ಕಿಂತ ಬೇಗ ಬೇಗ ಬರುತ್ತಿದ್ದವು, ದೂರ ಸಾಗುವ ತಿಂಗಳುಗಳಲ್ಲಿ ತಡವಾಗುತ್ತಿದ್ದವು. ಅಯೋ ತನ್ನ ಸುತ್ತನ್ನು ಬದಲಿಸಿಲ್ಲ, ಬೆಳಕು ಕ್ರಮಿಸಬೇಕಾದ ದೂರ ಬದಲಾಗುತ್ತಿದೆ ಎಂದು ರೋಮರ್ ಅರ್ಥ ಮಾಡಿಕೊಂಡರು. ಬೆಳಕಿಗೂ ವೇಗದ ಮಿತಿಯುಂಟು ಎಂದು ಜಗತ್ತಿಗೆ ತಿಳಿದದ್ದು ಹಾಗೆ.

ಕ್ವೇಸಾರ್‌ಗಳ ವಿಷಯದಲ್ಲಿ ಇದನ್ನು ಮೊದಲು ಹೇಳಿದವರು ಮಾರ್ಟಿನ್ ರೀಸ್. 1966ರಲ್ಲಿ ಅವರಿನ್ನೂ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ. ಆಗ ಕಾಡುತ್ತಿದ್ದ ಪ್ರಶ್ನೆ ಬೇರೆ. ಕೆಲವು ಕ್ವೇಸಾರ್‌ಗಳ ರೇಡಿಯೊ ಪ್ರಖರತೆ ತಿಂಗಳುಗಳಲ್ಲೇ ಏರಿಳಿಯುತ್ತಿತ್ತು. ಅಷ್ಟು ಬೇಗ ಬದಲಾಗುವ ಆಕರ ಬಹಳ ಚಿಕ್ಕದಿರಬೇಕು; ಅಷ್ಟು ಚಿಕ್ಕದರಿಂದ ಅಷ್ಟೊಂದು ರೇಡಿಯೊ ಶಕ್ತಿ ಬರುವುದು ಅಸಾಧ್ಯ. ಹೊರಸೂಸುವ ವಸ್ತು ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ನಮ್ಮತ್ತ ಹಿಗ್ಗುತ್ತಿದ್ದರೆ ಈ ತೊಡಕು ತಪ್ಪುತ್ತದೆ ಎಂದು ರೀಸ್ ತೋರಿಸಿದರು. ಅದರ ಜೊತೆಗೆ, ಅಂಥ ಆಕರ ಬೆಳಕನ್ನೂ ಮೀರಿದ ವೇಗದಲ್ಲಿ ಹಿಗ್ಗುವಂತೆ ಕಾಣುತ್ತದೆ ಎಂಬುದೂ ಅದೇ ಲೇಖನದಲ್ಲಿತ್ತು. ಗೋಲ್ಡ್‌ಸ್ಟೋನ್ ಮತ್ತು ಹೇಸ್ಟ್ಯಾಕ್ ಅದನ್ನು ಕಂಡದ್ದು ಐದು ವರ್ಷಗಳ ನಂತರ. ಕಂಡ ಮೇಲೆ ಹುಟ್ಟಿಸಿಕೊಂಡ ಸಮಾಧಾನ ಇದು ಎಂದು ಯಾರಾದರೂ ಆಕ್ಷೇಪಿಸಿದರೆ ಈ ಎರಡು ಇಸವಿಗಳನ್ನು ತೋರಿಸಿದರೆ ಸಾಕು.

ಇನ್ನೊಂದು ಧಾರೆ ಎಲ್ಲಿ?

ಚಿಮ್ಮುಧಾರೆ ಎರಡೂ ಕಡೆಗೆ ಹೊರಡುತ್ತದೆ ಎಂದೆ. 3ಸಿ 273ರ ನಕ್ಷೆಯಲ್ಲಿ ಕಾಣುವುದು ಒಂದೇ ಕಡೆಯದು. ಇದು ಎರಡನೆಯ ಒಗಟು, ಇದಕ್ಕೂ ಅದೇ ಕಾಗದಗಳೇ ಉತ್ತರ ಹೇಳುತ್ತವೆ.

ಯಜಮಾನರು ಶ್ರೀಶೈಲಕ್ಕೆ ಹೋಗುವಾಗಲೂ ದಿನಕ್ಕೊಂದು ಕಾಗದ ಬರೆದಿದ್ದರೆ? ಪ್ರತಿದಿನ ಅವರು 18 ಮೈಲಿ ದೂರ ಹೋಗುತ್ತಾರೆ, ಹರಿಕಾರ ಅಷ್ಟನ್ನೂ ಹಿಂದಕ್ಕೆ ನಡೆಯಬೇಕು. ಕಾಗದಗಳು ಹೆಚ್ಚುಕಡಿಮೆ ಎರಡು ದಿನಕ್ಕೊಂದರಂತೆ ಬರುತ್ತವೆ. ಹತ್ತನೆಯ ದಿನದ ಕಾಗದ ಮನೆ ಸೇರುವುದು ಹತ್ತೊಂಬತ್ತನೆಯ ದಿನ. ಬರುವಾಗ ಒಂದೇ ದಿನದಲ್ಲಿ ರಾಶಿ ಬಿದ್ದ ಸುದ್ದಿ ಹೋಗುವಾಗ ಹತ್ತೊಂಬತ್ತು ದಿನಕ್ಕೆ ಹರಡಿಹೋಗುತ್ತದೆ.

ನಮ್ಮ ಲೆಕ್ಕದ ಕ್ವೇಸಾರಿನಲ್ಲಿ ಆಚೆ ಕಡೆಗೆ ಹೊರಟ ಉಂಡೆಯನ್ನು ತೆಗೆದುಕೊಳ್ಳಿ. ಅದೂ 145 ವರ್ಷ ಓಡುತ್ತದೆ, ಅದೂ ಪಕ್ಕಕ್ಕೆ 25 ಜ್ಯೋತಿರ್ವರ್ಷ ಸರಿಯುತ್ತದೆ, ಆದರೆ 142 ಜ್ಯೋತಿರ್ವರ್ಷ ದೂರಕ್ಕೆ. 145ಕ್ಕೆ 142 ಕೂಡಿಸಿದರೆ 287. ಈಚೆ ಕಡೆ ಮೂರು ವರ್ಷಗಳಲ್ಲಿ ಕಂಡ ಓಟ ಆಚೆ ಕಡೆ ಕಾಣಲು 287 ವರ್ಷ ಬೇಕು. 145 ವರ್ಷಗಳಲ್ಲಿ ಸೂಸಿದ ಬೆಳಕು ಅಷ್ಟು ಉದ್ದಕ್ಕೆ ತೆಳುವಾಗಿ ಹರಡಿದರೆ ಮಂಕಾಗದೆ ಇನ್ನೇನಾದೀತು? ಈ ಕಡೆಯದು ಮೂರೇ ವರ್ಷಗಳಲ್ಲಿ ಒತ್ತೊತ್ತಾಗಿ ಬಂದು ಬೀಳುತ್ತದೆ.

ಇಲ್ಲಿ ಮಾತ್ರ ಐನ್‌ಸ್ಟೈನ್ ನೆರವು ಬೇಕು. ಬೆಳಕಿನ ವೇಗಕ್ಕೆ ಇಷ್ಟು ಹತ್ತಿರದಲ್ಲಿ ಓಡುವ ವಸ್ತುವಿನ ಬೆಳಕು ಸುತ್ತಲೂ ಸಮನಾಗಿ ಹರಡುವುದಿಲ್ಲ, ಓಟದ ದಿಕ್ಕಿಗೇ ಬಾಗಿ ಒಂದು ಇಕ್ಕಟ್ಟಾದ ಶಂಕುವಿನೊಳಗೆ ಸೇರಿಕೊಳ್ಳುತ್ತದೆ. ಜೊತೆಗೆ ನಮ್ಮನ್ನು ತಲುಪುವ ಒಂದೊಂದು ಬೆಳಕಿನ ಕಣದ ಶಕ್ತಿಯೂ ಏರಿರುತ್ತದೆ. ಎಲ್ಲ ಕೂಡಿದರೆ ಮೇಲಿನ ಲೆಕ್ಕದಲ್ಲಿ ಎರಡು ಕಡೆಯ ಪ್ರಖರತೆಯ ವ್ಯತ್ಯಾಸ ಹಲವು ಸಾವಿರ ಪಟ್ಟಿನಿಂದ ಲಕ್ಷಗಳವರೆಗೆ ಹೋಗುತ್ತದೆ. ಆಚೆಯ ಧಾರೆ ಇದೆ, ನಮ್ಮ ಸಾಧನಗಳಿಗೆ ಕಾಣುವಷ್ಟು ಬೆಳಕು ಈ ಕಡೆ ಬರುತ್ತಿಲ್ಲ.

ಇದರಿಂದ ಇನ್ನೊಂದು ಸಂಶಯವೂ ತೀರುತ್ತದೆ. ಇಷ್ಟೊಂದು ಕ್ವೇಸಾರ್‌ಗಳು ನಮ್ಮ ಕಡೆಗೇ ಗುರಿಯಿಟ್ಟು ಚಿಮ್ಮುವುದೇಕೆ, ವಿಶ್ವದಲ್ಲಿ ಭೂಮಿಗೆ ಅಂಥ ವಿಶೇಷವೇನು ಎಂದು ಓದುಗರು ಕೇಳಬಹುದು. ವಿಶೇಷವೇನೂ ಇಲ್ಲ. ಧಾರೆಗಳು ಎಲ್ಲ ದಿಕ್ಕಿಗೂ ಚಿಮ್ಮುತ್ತಿವೆ. ನಮ್ಮತ್ತ ತಿರುಗಿದವು ಸಾವಿರಾರು ಪಟ್ಟು ಪ್ರಖರವಾಗಿ ಕಾಣುವುದರಿಂದ ಪಟ್ಟಿಗಳ ತಲೆಯಲ್ಲಿ ಅವೇ ಕೂತಿರುತ್ತವೆ.

ದೂರ ಗೊತ್ತಿರುವ ಕಡೆ

ಕ್ವೇಸಾರ್ ಹತ್ತಿರದಲ್ಲಿದ್ದರೆ ಎಂಬ ವಾದಕ್ಕೆ ಗಟ್ಟಿ ಉತ್ತರ ಬಂದದ್ದು ದೂರದ ಬಗ್ಗೆ ತಕರಾರಿಲ್ಲದ ಜಾಗಗಳಿಂದ. ಎಂ87 ಗೆಲಾಕ್ಸಿ ಕ್ವೇಸಾರ್ ಅಲ್ಲ, ಆದರೆ ಅದರಲ್ಲೂ ಚಿಮ್ಮುಧಾರೆಯಿದೆ. ಹೀಬರ್ ಕರ್ಟಿಸ್ 1918ರಲ್ಲೇ ಅದನ್ನು ಒಂದು ವಿಚಿತ್ರವಾದ ನೇರ ಕಿರಣವೆಂದು ಬರೆದಿಟ್ಟಿದ್ದರು. ಎಂ87 ಇರುವುದು ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಖಗೋಳದ ಲೆಕ್ಕದಲ್ಲಿ ಪಕ್ಕದ ಮನೆ. 1994ರಿಂದ 1998ರವರೆಗಿನ ಹಬಲ್ ಚಿತ್ರಗಳನ್ನು ಹೋಲಿಸಿದ ಜಾನ್ ಬಿರೆಟಾ ಮತ್ತು ಸಂಗಡಿಗರು ಅದರ ಧಾರೆಯ ಗಂಟುಗಳು ಬೆಳಕಿನ ಆರು ಪಟ್ಟು ವೇಗದಲ್ಲಿ ಸರಿಯುವಂತೆ ಕಾಣುವುದನ್ನು 1999ರಲ್ಲಿ ಪ್ರಕಟಿಸಿದರು. 2019ರ ಏಪ್ರಿಲ್‌ನಲ್ಲಿ ಜಗತ್ತೆಲ್ಲ ನೋಡಿದ ಕಪ್ಪುಕುಳಿಯ ಮೊದಲ ಚಿತ್ರ ಇದೇ ಎಂ87ರ ತಿರುಳಿನದು. 650 ಕೋಟಿ ಸೂರ್ಯರ ತೂಕದ ಆ ಕಪ್ಪುಕುಳಿಯೇ ಧಾರೆಯ ಬುಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ನಮ್ಮ ಆಕಾಶಗಂಗೆಯೊಳಗಿನದು. ಜಿಆರ್‌ಎಸ್ 1915+105 ಒಂದು ಜೋಡಿ: ಒಂದು ಸಾಮಾನ್ಯ ನಕ್ಷತ್ರ, ಅದರಿಂದ ಅನಿಲ ಕಸಿಯುವ ಒಂದು ಪುಟ್ಟ ಕಪ್ಪುಕುಳಿ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವೂ ಅದರ ಎಕ್ಸ್-ಕಿರಣಗಳನ್ನು ಗಮನಿಸಿದೆ. 1994ರಲ್ಲಿ ಫೆಲಿಕ್ಸ್ ಮಿರಾಬೆಲ್ ಮತ್ತು ಲೂಯಿಸ್ ರೊಡ್ರಿಗೆಸ್ ಅದು ಒಂದೇ ಸಲಕ್ಕೆ ಎರಡು ಉಂಡೆಗಳನ್ನು ಎದುರು ಬದುರು ದಿಕ್ಕಿಗೆ ಉಗಿದದ್ದನ್ನು ಅಮೆರಿಕದ ವಿ.ಎಲ್.ಎ. ರೇಡಿಯೊ ದೂರದರ್ಶಕದಿಂದ ವಾರಗಟ್ಟಲೆ ಹಿಂಬಾಲಿಸಿದರು. ಧಾರೆ ಹೆಚ್ಚು ಅಡ್ಡಕ್ಕೆ ಇದ್ದದ್ದರಿಂದ ಇಲ್ಲಿ ಎರಡೂ ಉಂಡೆಗಳು ಕಂಡವು. ಈಚೆಯದು ಬೆಳಕಿನ 1.25 ಪಟ್ಟು ಓಡುವಂತೆ, ಆಚೆಯದು 0.65 ಪಟ್ಟು ಓಡುವಂತೆ. ನಿಜವೇಗ ಎರಡಕ್ಕೂ ಒಂದೇ, ಬೆಳಕಿನ ಶೇಕಡಾ 92 ಎಂದು ಅವರು ಲೆಕ್ಕ ಹಾಕಿದರು. ಈಚಿನ ಅಳತೆಗಳಲ್ಲಿ ಅದರ ದೂರ ಅಂದುಕೊಂಡದ್ದಕ್ಕಿಂತ ಕಡಿಮೆಯೆಂದು ತಿಳಿದು ಈ ವೇಗಗಳೂ ಇಳಿದಿವೆ. ಆದರೆ ಒಂದು ಸಂಗತಿ ದೂರವನ್ನು ಅವಲಂಬಿಸಿಯೇ ಇಲ್ಲ: ಒಂದೇ ಗಳಿಗೆಗೆ ಹೊರಟ ಜೋಡಿಯಲ್ಲಿ ಒಂದು ಉಂಡೆ ಇನ್ನೊಂದರ ಹತ್ತಿರ ಹತ್ತಿರ ಇಮ್ಮಡಿ ವೇಗದಲ್ಲಿ ಸರಿದಂತೆ ಕಾಣುತ್ತದೆ, ವೇಗವಾಗಿ ಕಾಣುವುದೇ ಪ್ರಖರವಾಗಿಯೂ ಕಾಣುತ್ತದೆ. ಬರುವವರ ಕಾಗದ ಒತ್ತೊತ್ತಾಗಿ, ಹೋಗುವವರ ಕಾಗದ ಬಿಡಿಬಿಡಿಯಾಗಿ. ಸಾಲುದೀಪಗಳಿಂದಾಗಲಿ ಗುರುತ್ವದ ಮಸೂರದಿಂದಾಗಲಿ ಈ ಜೋಡಿ ಲಕ್ಷಣ ತಾನಾಗಿ ಬರುವುದಿಲ್ಲ.

ಇನ್ನೊಂದು ಉದಾಹರಣೆ 2017ರ ಆಗಸ್ಟ್ 17ರದು. 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದವು, ಗುರುತ್ವದ ಅಲೆಗಳು ಭೂಮಿಗೆ ಬಂದವು. ಅನಂತರ ತಿಂಗಳುಗಟ್ಟಲೆ ಆ ಜಾಗವನ್ನು ರೇಡಿಯೊದಲ್ಲಿ ನೋಡಲಾಯಿತು. ಪುಣೆ ಬಳಿಯ ಜಿ.ಎಂ.ಆರ್.ಟಿ. ರೇಡಿಯೊ ದೂರದರ್ಶಕವೂ ಇದರಲ್ಲಿ ಸೇರಿತ್ತು. ಡಿಕ್ಕಿಯಾದ 75 ದಿನಗಳ ಬಳಿಕ ಒಮ್ಮೆ, 230 ದಿನಗಳ ಬಳಿಕ ಒಮ್ಮೆ ತೆಗೆದ ಅತಿಸೂಕ್ಷ್ಮ ನಕ್ಷೆಗಳನ್ನು ಹೋಲಿಸಿ, ಅಲ್ಲಿಂದ ಹೊರಟ ಧಾರೆ ಬೆಳಕಿನ ನಾಲ್ಕು ಪಟ್ಟು ವೇಗದಲ್ಲಿ ಸರಿದಂತೆ ಕಾಣುತ್ತದೆ ಎಂದು ಕುನಾಲ್ ಮೂಲೆ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಕ್ವೇಸಾರ್‌ನ ಸಂಬಂಧವೇ ಇಲ್ಲದ ಘಟನೆ, ಲೆಕ್ಕ ಮಾತ್ರ ಅದೇ.

ತೋರಿಕೆ ಕಲಿಸುವ ನಿಜ

ತೋರಿಕೆ ಎಂದ ಮಾತ್ರಕ್ಕೆ ಈ ಅಳತೆ ನಿರುಪಯೋಗಿಯಲ್ಲ. ಧಾರೆಯ ಓರೆ ಎಷ್ಟೇ ಇರಲಿ, ತೋರಿಕೆಯ ವೇಗ ಹತ್ತು ಪಟ್ಟು ಬರಬೇಕಾದರೆ ನಿಜವೇಗ ಬೆಳಕಿನ ಶೇಕಡಾ 99.5ಕ್ಕೆ ಕಡಿಮೆಯಿರಲು ಸಾಧ್ಯವಿಲ್ಲ. ಆರು ಪಟ್ಟಿಗೆ ಕನಿಷ್ಠ ಶೇಕಡಾ 98.6 ಬೇಕು. ನಿಧಾನವಾಗಿ ಓಡುವ ಯಾವ ವಸ್ತುವೂ, ಯಾವ ಕೋನದಿಂದ ನೋಡಿದರೂ, ಈ ಭ್ರಮೆಯನ್ನು ಹುಟ್ಟಿಸಲಾರದು. ಆದ್ದರಿಂದ ಖಗೋಳಜ್ಞರು ತೋರಿಕೆಯ ಅತಿವೇಗವನ್ನು ಒಂದು ಮಾಪಕವಾಗಿಯೇ ಬಳಸುತ್ತಾರೆ: ಕಪ್ಪುಕುಳಿಯ ಬುಡದಲ್ಲಿರುವ ಯಂತ್ರ ವಸ್ತುವನ್ನು ಕನಿಷ್ಠ ಇಷ್ಟು ವೇಗಕ್ಕೆ ತಳ್ಳುತ್ತಿದೆ ಎಂದು ಅದು ಹೇಳಿಬಿಡುತ್ತದೆ. ಒಂದು ಎಚ್ಚರಿಕೆ ಬೇಕು. ನಕ್ಷೆಯ ಉಂಡೆ ಯಾವಾಗಲೂ ವಸ್ತುವಿನ ಮುದ್ದೆಯೇ ಆಗಿರಬೇಕಿಲ್ಲ. ಧಾರೆಯೊಳಗೆ ಸಾಗುವ ಆಘಾತದ ಅಲೆ ಹಾದ ಜಾಗ ಹೊಳೆಯುತ್ತಾ ಮುಂದುವರಿಯುವುದೂ ಉಂಟು.

ಹವಾಯಿಯಿಂದ ಕೆರಿಬಿಯನ್ನಿನ ಸೇಂಟ್ ಕ್ರಾಯ್ ದ್ವೀಪದವರೆಗೆ ಹರಡಿರುವ ಹತ್ತು ಆಂಟೆನಾಗಳ ವಿ.ಎಲ್.ಬಿ.ಎ. ಜಾಲದಿಂದ 1994ರಿಂದ ಇಂಥ ನೂರಾರು ಧಾರೆಗಳನ್ನು ವರ್ಷ ವರ್ಷವೂ ನೋಡುತ್ತಾ ಬರಲಾಗಿದೆ. ಮೊಹಾವೆ ಎಂಬ ಹೆಸರಿನ ಆ ಯೋಜನೆಯ ನಕ್ಷೆಗಳನ್ನೂ, ಅವನ್ನು ಜೋಡಿಸಿ ಮಾಡಿದ ಚಲನಚಿತ್ರಗಳನ್ನೂ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮಕ್ಕಳಿಗೆ ವಿಜ್ಞಾನ ಕಲಿಸುವವರು ದಯವಿಟ್ಟು ಅವನ್ನು ತರಗತಿಯಲ್ಲಿ ತೋರಿಸಿ, ಎಷ್ಟು ವರ್ಷಗಳಲ್ಲಿ ಎಷ್ಟು ದೂರ ಎಂದು ಮಕ್ಕಳ ಕೈಯಲ್ಲೇ ಭಾಗಿಸಿ ನೋಡಿಸಿ. ಮೊದಲು ತಪ್ಪು ಉತ್ತರವೇ ಬರಲಿ, ಆಮೇಲೆ 145ರಲ್ಲಿ 142 ಕಳೆಯುವ ಲೆಕ್ಕ ಹೇಳಿಕೊಡಿ. ಆ ಧಾರೆಗಳಲ್ಲಿ ಅತಿ ಚುರುಕಾದವು ಬೆಳಕಿನ ಐವತ್ತು ಪಟ್ಟಿನ ಆಸುಪಾಸಿನಲ್ಲಿ ಓಡುವಂತೆ ಕಾಣುತ್ತವೆ. ಅವಕ್ಕೆ ಬೇಕಾದ ನಿಜವೇಗ ಬೆಳಕಿನ ಶೇಕಡಾ 99.98ರಷ್ಟು.